ಪರಮಶಿವಪ್ಪನ ಹಿಂದಿನ ಸೀಟು

ಗಂಡಸಿಗೆ ನಲವತ್ತೈದು ದಾಟಿದ ಮೇಲೆ ಬರುವ ಕಾಯಿಲೆಗಳಲ್ಲಿ ಸಕ್ಕರೆಗೆ ಮಾತ್ರೆ ಇದೆ, ಬಿಪಿಗೆ ಮಾತ್ರೆ ಇದೆ, ಮಂಡಿನೋವಿಗೆ ಎಣ್ಣೆ ಇದೆ. ಶಿಕಾರಿಪುರದಲ್ಲಿ ಪೈಪು, ಪಂಪ್‌ಸೆಟ್ಟು ಮಾರುವ ಪರಮಶಿವಪ್ಪನಿಗೆ ಬಂದ ಕಾಯಿಲೆಗೆ ಮಾತ್ರ ಯಾವ ಮೆಡಿಕಲ್ ಶಾಪಿನಲ್ಲೂ ಔಷಧಿ ಇರಲಿಲ್ಲ. ಅವನಿಗೆ ಬೈಕ್ ರೇಸಿನ ಹುಚ್ಚು ಹತ್ತಿತ್ತು.

ಹೆಂಡತಿ ಗಂಗಾಶ್ರೀಗೆ ಹುಚ್ಚಿನ ಬಗ್ಗೆ ತಕರಾರಿರಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಆಕೆ ಗಂಡನ ಕೊಳಲು ಕಲಿಯುವ ಹುಚ್ಚನ್ನೂ ಜೇನು ಸಾಕುವ ಹುಚ್ಚನ್ನೂ ಕಂಡು ಬದುಕಿ ಉಳಿದವಳು. (ಜೇನಿನ ಹುಚ್ಚನ್ನು ಅಕ್ಕಪಕ್ಕದ ಮನೆಯವರೂ ಕಂಡಿದ್ದಾರೆ. ಕೆಲವರ ಮುಖದ ಬಾವು ಇಳಿಯಲು ವಾರ ಹಿಡಿಯಿತು.) ಈ ಸಲ ಆಕೆಯ ತಕರಾರು ಇದ್ದದ್ದು ಬೈಕಿನ ಹಿಂದಿನ ಸೀಟಿನ ಬಗ್ಗೆ.

ಆದದ್ದು ಇಷ್ಟು. ಗಂಗಾಶ್ರೀಯ ತವರು ಸೊರಬ. ಅಲ್ಲಿನ ಹುಡುಗರ ಸಂಘವೊಂದು ಮುಂದಿನ ತಿಂಗಳ ಒಂದು ಭಾನುವಾರ ಪೇಟೆಯ ರಸ್ತೆಗಳನ್ನೆಲ್ಲ ಬಂದ್ ಮಾಡಿಸಿ ಬೀದಿಯಲ್ಲೇ ಬೈಕ್ ರೇಸ್ ನಡೆಸುವುದಾಗಿ ಸಾರಿತು. ಹುಡುಗರಿಗೆ ಒಂದು ರೇಸು. ಹಳೇ ಬೈಕಿರುವ, ನಲವತ್ತು ದಾಟಿದ ಹವ್ಯಾಸಿ ಸವಾರರಿಗೆ ಇನ್ನೊಂದು. ಸುದ್ದಿ ಮೊಬೈಲಿನಲ್ಲಿ ಓದಿದ ಕ್ಷಣವೇ ಪರಮಶಿವಪ್ಪನ ಎದೆಯಲ್ಲಿ ಏನೋ ಸ್ಟಾರ್ಟ್ ಆಯಿತು.

ಅದಕ್ಕೆ ಕಾರಣವೂ ಇತ್ತು. ಮದುವೆಯಾದಾಗಿನಿಂದ ಸೊರಬದಲ್ಲಿ ಅವನ ಹೆಸರು 'ಪೈಪಿನ ಅಳಿಯಂದ್ರು'. ಹಬ್ಬಕ್ಕೆ ಹೋಗಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವಷ್ಟರಲ್ಲಿ ಯಾರಾದರೊಬ್ಬರು ಬಾಗಿಲಲ್ಲಿ ನಿಂತು, "ನಮ್ಮ ಮೋಟರ್ ಸುಟ್ಟೋಗೈತೆ, ಏನ್ ಮಾಡೋದು ಅಳಿಯಂದ್ರೇ?" ಅನ್ನುತ್ತಿದ್ದರು. ಜನ್ಮದಲ್ಲಿ ಒಂದೇ ಒಂದು ದಿನ ಆ ಊರು ತನ್ನನ್ನು ಮೋಟರಿನ ಹೊರತು ಬೇರೆ ಏನಾದರೂ ಕೇಳಬೇಕು ಎಂಬುದು ಅವನ ಆಸೆ. ಆಸೆ ದೊಡ್ಡದೇನಲ್ಲ. ಆದರೆ ಅವನಿಗೆ ಅದು ನಿಜಕ್ಕೂ ಬೇಕಿತ್ತು.

ಪಡಸಾಲೆಯ ಮೂಲೆಯಲ್ಲಿ ತಾಡಪಾಲು ಹೊದ್ದು ಮಲಗಿದ್ದ ಹಳೇ ಟೂ-ಸ್ಟ್ರೋಕ್ ಬೈಕು ಹೊರಗೆ ಬಂತು. ಹುಡುಗನಾಗಿದ್ದಾಗ ಕೊಂಡದ್ದು, ಹೆಸರು ನಂದಿ. ಪರಮಶಿವಪ್ಪ ಸ್ಪ್ಯಾನರ್ ಹಿಡಿದು ಕೂತು ಅದರ ಒಂದೊಂದೇ ಆಭರಣ ಕಳಚತೊಡಗಿದ. ಹಾರನ್ ಹೋಯಿತು, ಲೆಗ್ ಗಾರ್ಡ್ ಹೋಯಿತು, ಹಿಂದೆ ಕೂತವರು ಕಾಲಿಡುವ ಫುಟ್‌ರೆಸ್ಟ್ ಹೋಯಿತು. ಕೊನೆಗೆ ಸೀರೆ ಗಾರ್ಡಿಗೆ ಕೈ ಹಚ್ಚಿದಾಗ ಗಂಗಾಶ್ರೀ ಒಳಗಿನಿಂದ ಬಂದಳು.

"ಇದ್ಯಾಕ್ರೀ ಬಿಚ್ಚಿದ್ರಿ?"

"ಭಾರ ಗಂಗಾ, ಭಾರ! ರೇಸಿನಾಗ ಒಂದು ನಟ್ಟೂ ಲೆಕ್ಕಕ್ಕ ಬರ್ತೈತಿ."

"ಸೀರೆ ಗಾರ್ಡ್ ಇಲ್ದೆ ನಾನು ಹೆಂಗೆ ಕೂರ್ಲಿ?"

"ಕೂರೂದೇ ಬ್ಯಾಡ. ಪಿಸ್ಟನ್ ಹೊಸದು ಹಾಕ್ಸೀನಿ. ಹಿಂದ ಯಾರರ ಕುಂತ್ರ ಈ ಇಂಜಿನ್ ಏಳಂಗಿಲ್ಲ. ಟೆಕ್ನಿಕಲ್ ಐತಿ, ನಿನಗ ತಿಳಿಯಂಗಿಲ್ಲ."

(ಇದು ಶುದ್ಧ ಸುಳ್ಳು. ನಿಜ ಏನೆಂದರೆ ಗಂಗಾಶ್ರೀ ಹಿಂದೆ ಕೂತರೆ ಬೈಕು ನಡೆಯುತ್ತಿದ್ದದ್ದು ಆಕೆಯ ಬಾಯಿಂದ. 'ಹಂಪ್ ಐತೆ, ನಿಧಾನ', 'ಬಸ್ಸು ಬಂತು, ಎಡಕ್ಕೆ', 'ನಿಲ್ಸಿ, ಸೊಪ್ಪು ಚೆನ್ನಾಗೈತೆ'. ಒಬ್ಬನೇ ಹೋಗುವ ಸುಖ ಒಮ್ಮೆ ರುಚಿ ಹತ್ತಿದ ಮೇಲೆ ಅವನಿಗೆ ಪಿಸ್ಟನ್ನಿನ ಮೇಲೆ ವಿಪರೀತ ಕಾಳಜಿ ಬಂದುಬಿಟ್ಟಿತ್ತು.)

ಅಲ್ಲಿಂದ ಮುಂದೆ ಗಂಗಾಶ್ರೀ ತವರಿಗೆ ಹೋಗಬೇಕಾದರೆ ಬಸ್ಸು. ಶಿರಾಳಕೊಪ್ಪದಲ್ಲಿ ಇಳಿದು ಇನ್ನೊಂದು ಬಸ್ಸು. ಗುಡವಿ ಕೆರೆಗೆ ಹಕ್ಕಿಗಳು ಬಂದಿವೆಯಂತೆ, ಒಂದು ಭಾನುವಾರ ಕರೆದುಕೊಂಡು ಹೋಗಿ ಎಂದು ಕೇಳಿದಳು. "ಪಿಸ್ಟನ್" ಅಂದ. ಮದುವೆಮನೆಗೆ ಅಂದಳು. "ಪಿಸ್ಟನ್" ಅಂದ. ಒಂದು ದಿನ ಆಕೆಗೆ ರೇಗಿತು.

"ಅಲ್ರೀ, ಶಿವ ಅನ್ನಿಸ್ಕೊಂಡೋನು ಗಂಗೇನ ತಲೆ ಮೇಲೇ ಕೂರಿಸ್ಕೊಂಡಿದ್ದ. ನಾನು ಕೇಳಿದ್ದು ಹಿಂದಿನ ಸೀಟು. ಅದಕ್ಕೂ ಆಗಲ್ವಾ ನಿಮ್ಮ ಕೈಲಿ?"

"ಆ ಶಿವ ರೇಸಿಗೆ ಹೆಸರು ಕೊಟ್ಟಿರಲಿಲ್ಲ ಗಂಗಾ."

"ಹಂಗಾದ್ರೆ ಕೇಳಿಸ್ಕೊಳ್ಳಿ. ಮನೇಲಿ ಹಿಟ್ಟಿನ ಗಿರಣಿ ಇಡೋಕೆ ಈ ಮೂಲೆ ಬಿಟ್ರೆ ಜಾಗ ಇಲ್ಲ. ರೇಸಲ್ಲಿ ಮೊದಲ ಮೂವರಲ್ಲಿ ಬಂದ್ರೆ ನಿಮ್ಮ ನಂದಿ ಇಲ್ಲೇ ಇರ್ಲಿ, ನಾನು ಜನ್ಮದಲ್ಲಿ ಮಾತಾಡಲ್ಲ. ಬರ್ಲಿಲ್ಲಾಂದ್ರೆ ಸೋಮವಾರ ಗುಜರಿಗೆ. ಮಾತು ಅಂದ್ರೆ ಮಾತು."

ಪರಮಶಿವಪ್ಪ ನಂದಿಯ ಟ್ಯಾಂಕನ್ನು ತಡವಿದ. ಗುಜರಿ ಅಂಗಡಿಯ ತಕ್ಕಡಿ ಕಣ್ಣಿಗೆ ಕಟ್ಟಿತು. ಆದರೂ ಗಂಡಸಿನ ಗತ್ತು ಬಿಡದೆ, "ಮಾತು!" ಅಂದ.

ರೇಸಿನ ದಿನ ಗಂಗಾಶ್ರೀ ಬೆಳಗಿನ ಬಸ್ಸಿಗೇ ಸೊರಬಕ್ಕೆ ಹೋದಳು. ಪರಮಶಿವಪ್ಪ ಹಿಂದಿನಿಂದ ದಿಗ್ವಿಜಯಕ್ಕೆ ಹೊರಟ ಅರಸನಂತೆ ಹೊರಟ. ವೇಷವನ್ನು ಸ್ವಲ್ಪ ವರ್ಣಿಸಬೇಕು. ತಲೆಗೆ ಹೆಲ್ಮೆಟ್ಟು, ಮೈಗೆ ರೆಕ್ಸಿನ್ ಜರ್ಕಿನ್ನು, ಕಾಲಿಗೆ ಗದ್ದೆಯ ಗಂಬೂಟು. ರೇಸಿನವರು ಮೊಣಕಾಲು, ಮೊಣಕೈಗೆ ಕಟ್ಟುವ ಗಾರ್ಡುಗಳನ್ನು ಹಣ ಕೊಟ್ಟು ಕೊಳ್ಳುವುದು ಪೈಪು ವ್ಯಾಪಾರಿಗೆ ಅವಮಾನವೆನಿಸಿ, ಅಂಗಡಿಯ ಕಪ್ಪು ಪೈಪನ್ನೇ ಉದ್ದಕ್ಕೆ ಸೀಳಿ ದಾರ ಕಟ್ಟಿಕೊಂಡಿದ್ದ. ಕೈಕಾಲು ಮಡಚಿದಾಗಲೆಲ್ಲ ಟಪ್ ಟಪ್ ಎನ್ನುತ್ತಿತ್ತು.

ಸೊರಬದ ಪೇಟೆ ಗುರುತು ಸಿಗದಂತಾಗಿತ್ತು. ತಿರುವು ತಿರುವಿಗೂ ಭತ್ತದ ಹುಲ್ಲಿನ ಹೊರೆ ಒಟ್ಟಿದ್ದರು. ಬೈಕು ಗುದ್ದಿದರೆ ಸವಾರನಿಗೆ ಪೆಟ್ಟಾಗಬಾರದೆಂಬ ಮುಂದಾಲೋಚನೆ. ಊರಿನ ದನಗಳಿಗೂ ಮುಂದಾಲೋಚನೆ ಇತ್ತು. ಹುಡುಗರ ರೇಸು ಮುಗಿಯುವಷ್ಟರಲ್ಲಿ ಆಸ್ಪತ್ರೆ ತಿರುವಿನ ಹೊರೆಗಳನ್ನು ಅರ್ಧ ತಿಂದು, ಅಲ್ಲೇ ಮಲಗಿ ಮೆಲುಕು ಹಾಕುತ್ತಿದ್ದವು.

ಬಸ್‌ಸ್ಟ್ಯಾಂಡ್ ಎದುರು ಸುಣ್ಣದ ಗೆರೆ. ಶುರುವೂ ಅಲ್ಲೇ, ಮುಕ್ತಾಯವೂ ಅಲ್ಲೇ. ಪಕ್ಕದ ಅಟ್ಟದ ಮೇಲೆ ಮೈಕು ಹಿಡಿದವನು ಈಶ್ವರ್. ವಾಲಿಬಾಲ್ ಪಂದ್ಯದಿಂದ ಹಿಡಿದು ಹಾಲಿನ ಡೇರಿ ಉದ್ಘಾಟನೆಯವರೆಗೆ ಸೊರಬದಲ್ಲಿ ಅವನ ದನಿ ಕೇಳದ ಕಾರ್ಯಕ್ರಮವಿಲ್ಲ. ನಿಯಮಗಳನ್ನು ಅವನೇ ಓದಿದ: ಹೆಲ್ಮೆಟ್ ಕಡ್ಡಾಯ, ಒದೆಯುವಂತಿಲ್ಲ, ಅಡ್ಡದಾರಿ ಹಿಡಿಯುವಂತಿಲ್ಲ, ಹೊರಗಿನವರು ಗಾಡಿ ತಳ್ಳುವಂತಿಲ್ಲ. "ಉಳಿದದ್ದೆಲ್ಲ ನಿಮ್ಮ ನಿಮ್ಮ ಮರ್ಯಾದೆಗೆ ಬಿಟ್ಟದ್ದು" ಎಂದು ಮುಗಿಸಿದ.

ಪರಮಶಿವಪ್ಪನ ಪಕ್ಕದಲ್ಲಿ ನಿಂತವನು ತೊಗರ್ಸಿಯ ಅಕ್ಕಿ ಗಿರಣಿಯ ಸಣ್ಣಪ್ಪ. (ಹೆಸರಷ್ಟೇ ಸಣ್ಣದು. ಅವನು ಕೂತರೆ ಬೈಕು ಕಾಣುತ್ತಿರಲಿಲ್ಲ.) ಹಳೆಯ ಪರಿಚಯ. ಅವನ ಗಾಡಿಗೂ ಸೀರೆ ಗಾರ್ಡ್ ಇರಲಿಲ್ಲ.

"ಮನ್ಯಾಗ ಏನಂತ ಹೇಳಿ ಬಿಚ್ಚಿದ್ಯೋ?" ಎಂದು ಸಣ್ಣಪ್ಪ ಮೆಲ್ಲಗೆ ಕೇಳಿದ.

"ಪಿಸ್ಟನ್ ಹೊಸದು, ಹಿಂದ ಕೂರಬಾರದು ಅಂದೆ. ನೀನು?"

"ಕ್ಲಚ್ ಪ್ಲೇಟು."

"ನಂಬಿದ್ರಾ?"

"ನಿರ್ಮಲಾ ಕ್ಲಚ್ ಪ್ಲೇಟ್ ಏನು ನೋಡ್ಯಾಳೇನು?" ಎಂದು ಸಣ್ಣಪ್ಪ ಕಣ್ಣು ಹೊಡೆದ. ಆಚೆ ಇದ್ದ ಇಬ್ಬರು ಸವಾರರೂ ಕಿಸಕ್ಕನೆ ನಕ್ಕರು. ಅವರ ಮನೆಯಲ್ಲಿ ಏನು ಹೇಳಿದ್ದರೋ, ಅವರ ಗಾಡಿಗಳಿಗೂ ಸೀರೆ ಗಾರ್ಡ್ ಇರಲಿಲ್ಲ.

ಎದುರಿನ ಬೇಕರಿ ಕಟ್ಟೆಯ ಮೇಲೆ ಹೆಂಗಸರ ಗುಂಪು. ನಡುವೆ ಗಂಗಾಶ್ರೀ, ಪಕ್ಕದಲ್ಲಿ ಸಣ್ಣಪ್ಪನ ಹೆಂಡತಿ ನಿರ್ಮಲಮ್ಮ. ಇಬ್ಬರೂ ಒಂದೇ ಪೊಟ್ಟಣದಿಂದ ಶೇಂಗಾ ತಿನ್ನುತ್ತಿದ್ದರು. ಪರಮಶಿವಪ್ಪ ಕೈ ಬೀಸಿದ. ಗಂಗಾಶ್ರೀ ಮೂರು ಬೆರಳು ತೋರಿಸಿದಳು.

ಬಾವುಟ ಬಿತ್ತು. ಹತ್ತೂ ಚಿಲ್ಲರೆ ಮುದಿ ಇಂಜಿನುಗಳು ಒಟ್ಟಿಗೆ ಗಂಟಲು ಸರಿಮಾಡಿಕೊಂಡವು. ಬಸ್‌ಸ್ಟ್ಯಾಂಡೆಲ್ಲ ನೀಲಿ ಹೊಗೆ. ಆ ಹೊಗೆಯಿಂದ ಹೊರಬಿದ್ದಾಗ ಪರಮಶಿವಪ್ಪನಿಗೆ ಮೈಯೆಲ್ಲ ಜುಂ ಎಂದಿತು. ಅಂಗಡಿಯಿಲ್ಲ, ಗಿರಾಕಿಯಿಲ್ಲ, ಸುಟ್ಟ ಮೋಟರುಗಳಿಲ್ಲ. ಇಷ್ಟು ಖುಷಿ ಅವನಿಗೆ ಯಾವ ಕಾಲದಲ್ಲಿ ಆಗಿತ್ತೋ ನೆನಪಿಗೆ ಬರಲಿಲ್ಲ. ಅಷ್ಟರಲ್ಲಿ ಮೊದಲ ರಸ್ತೆ ಉಬ್ಬು ಬಂತು.

"ಹಂಪ್ ಐತಿ, ಗಟ್ಟಿ ಹಿಡ್ಕೋ!" ಎಂದು ಕೂಗಿದ.

ಹಿಂದೆ ಯಾರೂ ಇರಲಿಲ್ಲ. ಎಷ್ಟೋ ಕಾಲದಿಂದ ಬಂದ ಅಭ್ಯಾಸ, ಬಾಯಿ ತಾನೇ ಹೇಳಿತು. ಖಾಲಿ ಹಿಂಭಾಗ ಚಂಗನೆ ಹಾರಿ, ಚಕ್ರ ಅತ್ತಿತ್ತ ಬಳುಕಿ, ಪರಮಶಿವಪ್ಪ ದನಗಳ ಕಡೆ ಹೊರಟು, ಹೇಗೋ ತಿರುಗಿಸಿಕೊಂಡ. ಪ್ರತಿ ಉಬ್ಬಿನಲ್ಲೂ ಇದೇ ಕಥೆ. ಭಾರ ಕಳೆದು ಕಳೆದು ನಂದಿಯ ಹಿಂಭಾಗ ನೆಲದ ಮೇಲೆ ನಿಲ್ಲುವುದನ್ನೇ ಮರೆತಿತ್ತು.

ಆದರೂ ದೇವರು ದೊಡ್ಡವನು. ಒಬ್ಬನ ಚೈನು ಕಳಚಿತು. ಒಬ್ಬನ ಪೆಟ್ರೋಲು ಮುಗಿಯಿತು. ಇಬ್ಬರು ಹುಲ್ಲಿನ ಹೊರೆಗೆ ಗುದ್ದಿ, ಹೊರೆಯ ಯಜಮಾನನ ಜೊತೆ ಜಗಳಕ್ಕೆ ನಿಂತರು. ಕೊನೆಯ ಎರಡು ಸುತ್ತು ಉಳಿದಾಗ ಮೈಕಿನಲ್ಲಿ ಈಶ್ವರ್ ಕಿರುಚಿದ: "ಮೂರನೇ ಸ್ಥಾನದಲ್ಲಿ ನಮ್ಮೂರ ಅಳಿಯಂದ್ರು, ಶಿಕಾರಿಪುರದ ಸಿಡಿಲು, ಪರಮಶಿವಪ್ಪನವರು! ಹಿಂದೆಯೇ ತೊಗರ್ಸಿಯ ಬಿರುಗಾಳಿ ಸಣ್ಣಪ್ಪನವರು!"

ಮೂರನೆಯವನು! ನಂದಿ ಉಳಿಯಿತು. ಪರಮಶಿವಪ್ಪ ಆಸ್ಪತ್ರೆ ತಿರುವಿಗೆ ಬಂದ. ಅಲ್ಲಿ, ಮೆಲುಕು ಹಾಕುವ ದನಗಳ ಪಕ್ಕ, ರಸ್ತೆ ಅಂಚಿನಲ್ಲಿ ಒಬ್ಬರು ಮುದುಕರು ಕೊಡೆ ಮೇಲೆತ್ತಿ ನಿಂತಿದ್ದರು.

ಹುಲಿಯಪ್ಪನವರು! ಕುಪ್ಪಗಡ್ಡೆಯ ಹುಲಿಯಪ್ಪನವರು, ಗಂಗಾಶ್ರೀಯ ಸೋದರಮಾವ. ಆಕೆಗೆ ತಂದೆ ಇಲ್ಲದ್ದರಿಂದ ಮದುವೆಯಲ್ಲಿ ನಿಂತು ಧಾರೆ ಎರೆದುಕೊಟ್ಟವರು. ಸಂತೆಚೀಲ ಬಗಲಲ್ಲಿ. ರೇಸು ಗೀಸು ಅವರಿಗೆ ಗೊತ್ತಿಲ್ಲ. ಸಂತೆ ಮುಗಿಸಿ ಈಗಷ್ಟೇ ರಸ್ತೆಗೆ ಬಂದರೆ ಒಂದು ಆಟೋ ಇಲ್ಲ, ಹೋಗುವ ಬೈಕಿನವರು ಒಬ್ಬರೂ ನಿಲ್ಲಿಸುತ್ತಿಲ್ಲ, ಕಾಲ ಕೆಟ್ಟುಹೋಯಿತು ಎಂಬುದಷ್ಟೇ ಅವರಿಗೆ ಗೊತ್ತು.

ಪರಮಶಿವಪ್ಪ ಹೆಲ್ಮೆಟ್ಟಿನೊಳಗೇ ಮುಖ ಮುಚ್ಚಿಕೊಂಡವನಂತೆ ಕುತ್ತಿಗೆ ತಗ್ಗಿಸಿ ಸುಂಯ್ ಎಂದು ಮುಂದೆ ಹೋದ. ಆದರೆ ಹೆಲ್ಮೆಟ್ಟು ಮುಚ್ಚುವುದು ಮುಖವನ್ನು, ಗಾಡಿಯನ್ನಲ್ಲ. ಮದುವೆಯ ಮರುವರ್ಷ ಅಳಿಯ ಬಂದದ್ದೇ ಈ ಗಾಡಿಯಲ್ಲಿ.

"ಅಳಿಯಂದ್ರೇ! ಹೋಯ್! ಶಿಕಾರಿಪುರದ ಅಳಿಯಂದ್ರೇ!" ಎಂಬ ಕೂಗು ಬೆನ್ನಿಗೆ ಬಿತ್ತು.

ಆ ಒಂದು ಸುತ್ತನ್ನು ಪರಮಶಿವಪ್ಪ ಹೇಗೆ ಮುಗಿಸಿದನೋ ಶಿವನೇ ಬಲ್ಲ. ಮಲೆನಾಡ ಅಂಚಿನ ಈ ಊರುಗಳಲ್ಲಿ ದಾರಿಯಲ್ಲಿ ಹಿರಿಯರು ಕೈ ತೋರಿಸಿದರೆ ಗಾಡಿ ನಿಲ್ಲಬೇಕು. ಗುರುತಿಲ್ಲದವರಿಗೇ ನಿಲ್ಲುತ್ತದೆ. ಇವರೋ ಹೆಣ್ಣು ಕೊಟ್ಟ ಮಾವ. ತನ್ನ ಕೈಯಲ್ಲಿ ಗಂಗಾಶ್ರೀಯ ಕೈಯಿಟ್ಟು ಅವರು ನೀರೆರೆದದ್ದು ಅವನಿಗೆ ನೆನಪಾಯಿತು. 'ಕಂಡೂ ಕಾಣದಂಗೆ ಹೋದ್ರು' ಎಂದು ಒಂದು ಮಾತು ಅವರು ಅಂದರೆ ಮುಗಿಯಿತು, ಸೊರಬದಲ್ಲಿ ಅವನು ಪೈಪಿನ ಅಳಿಯನಾಗಿಯೂ ಉಳಿಯುವುದಿಲ್ಲ. ನಿಲ್ಲಿಸಿದರೆ ನಂದಿ ಗುಜರಿಗೆ. ಹೆಲ್ಮೆಟ್ಟಿನೊಳಗೆ ಬೆವರು ಧಾರಾಕಾರ.

ಕೊನೆಯ ಸುತ್ತು. ಆಸ್ಪತ್ರೆ ತಿರುವು. ಕೊಡೆ ಮತ್ತೆ ಮೇಲೆದ್ದಿತು. ಪರಮಶಿವಪ್ಪ ತೀರ್ಮಾನ ಮಾಡುವ ಮೊದಲೇ ಅವನ ಬಲಗಾಲು ಬ್ರೇಕು ಒತ್ತಿತ್ತು.

"ಬರ್ರಿ ಮಾವಾರೆ, ಲಗೂನ ಹತ್ರಿ!"

"ಆಗಲೇ ಕರೆದೆ, ನಿಮಗೆ ಕೇಳ್ಸಿಲ್ಲ ಕಾಣ್ತದೆ. ಮನೇಲೆಲ್ಲ ಆರಾಮಾ?"

"ಎಲ್ಲಾ ಆರಾಮ ಮಾವಾರೆ, ಹತ್ರಿ!"

"ಗಂಗಾ ಬಂದಿಲ್ವಾ?"

"ಬಂದಾಳ್ರಿ, ಬೇಕರಿ ಹಂತ್ಯಾಕ ಅದಾಳ, ಹತ್ರೀ!"

"ಹತ್ತೋದಕ್ಕೆ ಕಾಲಿಡೋದು ಎಲ್ಲೈತೆ ಮಾರಾಯ್ರೇ? ಸ್ವಲ್ಪ ವಾಲ್ಸಿ. ಚೀಲ ಹುಷಾರು, ಬೆಲ್ಲದ ಪೆಂಟೆ ಐತೆ." ಹುಲಿಯಪ್ಪನವರು ಪಂಚೆ ಎತ್ತಿ, ಕೊಡೆ ಅಡ್ಡ ಹಿಡಿದು, ಉಸ್ಸೆಂದು ಕೂತರು. ಹಳೇ ಕಾಲದ ಗಟ್ಟಿ ಆಳು. ನಂದಿ ಒಮ್ಮೆ ನರಳಿತು. "ಬಸ್‌ಸ್ಟ್ಯಾಂಡಿಗೆ ಬಿಡಿ. ಕುಪ್ಪಗಡ್ಡೆ ಬಸ್ಸು ಇನ್ನೇನು ಹೊರಡ್ತದೆ, ಸ್ವಲ್ಪ ಬೇಗ ಹೋದ್ರೆ ಒಳ್ಳೇದು."

ಅಷ್ಟರಲ್ಲಿ ಸಣ್ಣಪ್ಪ ಗುಡುಗುತ್ತ ಬಂದು ಹಿಂದೆಯೇ ತಾಗಿದ. ಎಡಗಡೆಯಿಂದ ನುಗ್ಗಲು ನೋಡಿದ. ಎಡಗಡೆ ಹುಲಿಯಪ್ಪನವರ ಕಾಲು. ಫುಟ್‌ರೆಸ್ಟ್ ಇಲ್ಲದ್ದರಿಂದ ಅವರು ಎರಡೂ ಕಾಲನ್ನು ಎರಡೂ ಕಡೆಗೆ ನೇರ ಚಾಚಿದ್ದರು. ಬಲಗಡೆಯಿಂದ ನುಗ್ಗಲು ನೋಡಿದ. ಬಲಗಡೆ ಕಾಲಿನ ಜೊತೆ ಕೊಡೆಯೂ ಇತ್ತು.

"ಯಜಮಾನ್ರೇ, ಕಾಲು ತಗೀರಿ!" ಎಂದು ಸಣ್ಣಪ್ಪ ಬೊಬ್ಬೆ ಹೊಡೆದ.

"ಎಲ್ಲಿಡ್ಲಿ? ನಿನ್ನ ತಲೆ ಮೇಲಿಡ್ಲಾ?" ಎಂದು ಹುಲಿಯಪ್ಪನವರು ತಿರುಗಿ ಗದರಿದರು. "ಅಳಿಯಂದ್ರೇ, ಇವನ್ಯಾರೋ ಅವಸರದೋನು, ದಾರಿ ಬಿಡಬೇಡಿ. ಹೊಡೀರಿ!"

ಮುಂದೆ ಉಬ್ಬು. "ಹಂಪ್ ಐತಿ, ಗಟ್ಟಿ ಹಿಡ್ಕೋರಿ!" ಎಂದ ಪರಮಶಿವಪ್ಪ. ಈ ಸಲ ಹೆಗಲ ಮೇಲೆ ಎರಡು ಕೈ ಗಟ್ಟಿಯಾಗಿ ಬಿದ್ದವು. ಮತ್ತೆ ಆಶ್ಚರ್ಯ ನೋಡಿ, ಹಿಂಭಾಗ ಹಾರಲೇ ಇಲ್ಲ. ಚಕ್ರ ನೆಲ ಕಚ್ಚಿ ಹಿಡಿಯಿತು. ಎಷ್ಟೋ ವರ್ಷ ಹಿಂದಿನ ಸೀಟಿನಲ್ಲಿ ಜನರನ್ನು ಕೂರಿಸಿಕೊಂಡೇ ಓಡಿಸಿ ಕಲಿತ ಕೈ ಅದು. ಬೆನ್ನಿಗೆ ಒಂದು ಜೀವ ತಾಗಿದ್ದೇ ತಡ, ತಿರುವುಗಳೆಲ್ಲ ಬೆಣ್ಣೆಯಲ್ಲಿ ಚಾಕು ಇಟ್ಟಂತೆ ಸಾಗಿದವು. "ಬಸ್ಸು ಹೋಗ್ತದೆ, ಹೊಡೀರಿ!" ಎಂದು ಮಾವ ಕೂಗಿದಷ್ಟೂ ನಂದಿ ಎದ್ದಿತು. ಎರಡನೇ ಸ್ಥಾನದಲ್ಲಿದ್ದವನು ಹಿಂತಿರುಗಿ ನೋಡಿ, ಪಂಚೆ ಹಾರಿಸುತ್ತ ಬರುತ್ತಿರುವ ಈ ಆಕೃತಿ ಏನೆಂದು ತಿಳಿಯದೆ ಬೆಚ್ಚಿ ಬದಿಗೆ ಸರಿದ. ಮೈಕಿನಲ್ಲಿ ಈಶ್ವರ್, ಜೀವಮಾನದಲ್ಲಿ ಮೊದಲ ಬಾರಿಗೆ, ಮಾತು ಸಿಗದೆ "ಅಯ್ಯಯ್ಯಯ್ಯೋ" ಎಂದಷ್ಟೇ ಹೇಳಿದ.

ಎರಡನೇ ಸ್ಥಾನ!

ಸಣ್ಣಪ್ಪ ಬಂದವನೇ ಅಟ್ಟಕ್ಕೆ ನುಗ್ಗಿದ. "ಡಬಲ್ ರೈಡಿಂಗು! ಇದು ಅನ್ಯಾಯ!" ಈಶ್ವರ್ ನಿಯಮಗಳನ್ನು ಹಿಂದುಮುಂದಾಗಿ ತಿರುವಿ ಓದಿದ. ಒದೆಯಬಾರದು ಎಂದಿತ್ತು, ತಳ್ಳಬಾರದು ಎಂದಿತ್ತು. ಸೋದರಮಾವನನ್ನು ಕೂರಿಸಿಕೊಳ್ಳಬಾರದು ಎಂದು ಎಲ್ಲೂ ಇರಲಿಲ್ಲ. "ಹಿರಿಯರಿಗಾಗಿ ರೇಸನ್ನೇ ನಿಲ್ಲಿಸಿದ ಅಳಿಯಂದ್ರು!" ಎಂದು ಅವನು ಘೋಷಿಸಿದಾಗ ಸೊರಬಕ್ಕೆ ಸೊರಬವೇ ಚಪ್ಪಾಳೆ ತಟ್ಟಿತು. ಹುಲಿಯಪ್ಪನವರನ್ನೂ ಅಟ್ಟ ಹತ್ತಿಸಿದರು. ಹಾರ ಅವರ ಕೊರಳಿಗೆ ಬಿತ್ತು, ಬಹುಮಾನದ ಕಪ್ಪು ಅವರ ಕೈಗೆ ಹೋಯಿತು, ಫೋಟೋದಲ್ಲಿ ಅವರ ಕೊಡೆಯ ಹಿಂದೆ ಪರಮಶಿವಪ್ಪನ ಒಂದು ಕಿವಿ ಬಂತು. ಅವರ ಬಸ್ಸೇನೂ ತಪ್ಪಲಿಲ್ಲ. ಅದರ ಡ್ರೈವರು ಅಟ್ಟದ ಕೆಳಗೇ ನಿಂತು ಶಿಳ್ಳೆ ಹಾಕುತ್ತಿದ್ದ.

ಪರಮಶಿವಪ್ಪನಿಗೆ ಅದ್ಯಾವುದಕ್ಕೂ ಬೇಸರವಾಗಲಿಲ್ಲ. ನಂದಿ ಉಳಿದಿತ್ತು. ಮೇಲಾಗಿ ಆ ಹೊತ್ತು ಒಬ್ಬನೂ ಅವನನ್ನು ಮೋಟರಿನ ಬಗ್ಗೆ ಕೇಳಲಿಲ್ಲ. ಎದೆಯುಬ್ಬಿಸಿ ಬೇಕರಿ ಕಟ್ಟೆಗೆ ನಡೆದ. ಮೊಣಕಾಲಿನ ಪೈಪು ಟಪ್ ಟಪ್ ಎಂದಿತು.

"ನೋಡ್ದ್ಯಾ ಗಂಗಾ? ಎರಡನೇ ನಂಬರ್!"

"ನೋಡ್ದೆ" ಎಂದಳು ಗಂಗಾಶ್ರೀ. ದನಿ ಬಹಳ ಮೃದುವಾಗಿತ್ತು. ಸಂಸಾರಸ್ಥರಿಗೆ ಈ ದನಿಯ ಪರಿಚಯ ಇರುತ್ತದೆ. "ನಂದಿ ಮನೇಲೇ ಇರ್ಲಿ. ಮಾತು ಅಂದ್ರೆ ಮಾತು. ಒಂದು ಕೇಳ್ಲಾ? ಮಾವ ನನಗಿಂತ ದಪ್ಪ ಅಲ್ವಾ?"

"ಹೌದು ಮತ್ತ, ಎಂಥ ಆಳು!" ಎಂದ ಪರಮಶಿವಪ್ಪ ಉತ್ಸಾಹದಲ್ಲಿ.

"ಕೈಯಲ್ಲಿ ಬೆಲ್ಲದ ಚೀಲ ಬೇರೆ."

"ಹೌದೌದು."

"ಅವರನ್ನ ಕೂರಿಸ್ಕೊಂಡ್ ಮೇಲೇ ಗಾಡಿ ಇನ್ನೂ ಜೋರಾಗಿ ಓಡ್ತು. ಊರೆಲ್ಲ ನೋಡ್ತು." ಗಂಗಾಶ್ರೀ ಶೇಂಗಾ ಸಿಪ್ಪೆ ಊದಿದಳು. "ಪಿಸ್ಟನ್ನು ಏನಂತು ರೀ?"

ಪರಮಶಿವಪ್ಪ ಬಗ್ಗಿ ಮೊಣಕಾಲಿನ ಪೈಪಿನ ದಾರ ಬಿಚ್ಚತೊಡಗಿದ. ನಿರ್ಮಲಮ್ಮ ಶೇಂಗಾ ತಿನ್ನುವುದನ್ನು ನಿಲ್ಲಿಸಿ, ಅಟ್ಟದಿಂದ ಇಳಿದು ಬಂದಿದ್ದ ಸಣ್ಣಪ್ಪನ ಕಡೆ ನಿಧಾನವಾಗಿ ತಿರುಗಿದಳು. "ಅಲ್ರೀ, ಕ್ಲಚ್ ಪ್ಲೇಟು ಅಂದಿದ್ರಲ್ಲ?" ಕಟ್ಟೆಯ ಮೇಲಿದ್ದ ಇನ್ನುಳಿದ ಹೆಂಗಸರೂ ತಮ್ಮ ತಮ್ಮ ಗಂಡಂದಿರನ್ನು ಹುಡುಕತೊಡಗಿದರು.

ಮುಂದಿನ ಭಾನುವಾರ ಗುಡವಿ ರಸ್ತೆಯಲ್ಲಿ ನಿಂತವರಿಗೆ ಒಂದು ಅಪರೂಪದ ದೃಶ್ಯ ಕಂಡಿತು. ಅದೇ ಹಳೇ ಬೈಕುಗಳು, ಅದೇ ಸವಾರರು, ಸಾಲಾಗಿ ಹಕ್ಕಿ ನೋಡಲು ಹೊರಟಿದ್ದರು. ಪ್ರತಿಯೊಂದರ ಪಕ್ಕದಲ್ಲೂ ಬೆಳ್ಳಗೆ ಹೊಳೆಯುವ ಹೊಸ ಸೀರೆ ಗಾರ್ಡು. ಆ ವಾರ ವೆಲ್ಡಿಂಗ್ ಶಾಪಿನವನಿಗೆ ಊಟಕ್ಕೂ ಬಿಡುವಿರಲಿಲ್ಲವಂತೆ. ಮುಂದಿದ್ದ ಸಣ್ಣಪ್ಪ ತಿರುಗಿ ಪರಮಶಿವಪ್ಪನ ಕಡೆ ನೋಡಿದ ನೋಟವನ್ನು ಅಚ್ಚಿನಲ್ಲಿ ಹಾಕುವಂತಿಲ್ಲ.

"ಏನ್ ನೋಡ್ತಾ ಕೂತಿದ್ದೀರಿ? ನಿರ್ಮಲಾ ಮುಂದೆ ಹೋಗ್ತಿದ್ದಾಳೆ, ಹಿಂದೆ ಹಾಕ್ರಿ!" ಎಂದಳು ಗಂಗಾಶ್ರೀ.

ಪರಮಶಿವಪ್ಪ ಆಕ್ಸಿಲರೇಟರ್ ತಿರುವಿದ.

"ಹಂಪ್ ಐತೆ, ನಿಧಾನ!"

ಬ್ರೇಕು ಒತ್ತಿದ.

"ಯಾಕ್ ನಿಧಾನ ಮಾಡಿದ್ರಿ, ಹೋದ್ರಲ್ಲ ಅವರು!"

"ಗಟ್ಟಿ ಹಿಡ್ಕೋ" ಎಂದ ಪರಮಶಿವಪ್ಪ. ಹಿಂದಿನ ಸೀಟಿನಲ್ಲಿ ಈಗ ಕೇಳಿಸಿಕೊಳ್ಳುವವರಿದ್ದಾರೆ ಎಂದು ಅವನಿಗೆ, ಹೇಳಿದರೆ ಯಾರೂ ನಂಬಲಿಕ್ಕಿಲ್ಲ, ಒಳಗೊಳಗೇ ಸಂತೋಷವಾಯಿತು. ಗಂಗಾಶ್ರೀ ಗಟ್ಟಿಯಾಗಿಯೇ ಹಿಡಿದಳು. ಹಿಡಿದದ್ದು ಅವನ ಅಂಗಿಯ ಕಾಲರನ್ನು.